ಕ್ಯಾಲೆಂಡರಿನ ಮೊಳೆ

ಕಡೂರಿನ ಮೇಸ್ತ್ರಿ ಹೋಗಿಬಿಟ್ಟರು ಎಂಬ ಸುದ್ದಿ ಬಂದಾಗ ನಾನು ತರೀಕೆರೆಯ ನನ್ನ ಅಂಗಡಿಯಲ್ಲಿ ಒಂದು ಪಂಪ್‌ಸೆಟ್ ಮೋಟರಿನ ಹೊಟ್ಟೆಯಿಂದ ಸುಟ್ಟ ತಂತಿ ಕೀಳುತ್ತಾ ಕೂತಿದ್ದೆ. ಸುದ್ದಿ ತಂದವರು ಅಜ್ಜಂಪುರದಲ್ಲಿ ಇದೇ ರಿವೈಂಡಿಂಗ್, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ ಮಾಡುವವರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೇನೆ ಎಂದುಕೊಂಡು ಸ್ವಲ್ಪ ಹೊತ್ತು ಕಾದರು. ನಾನು ಇಕ್ಕಳವನ್ನು ಕೆಳಗಿಡಲೂ ಇಲ್ಲ.

“ಅಲ್ಲಮ್ಮಾ, ನಿಮ್ ಗುರುಗಳಲ್ವಾ? ಭಾನುವಾರ ಕಡೂರಲ್ಲಿ ರಿವೈಂಡಿಂಗ್‌ನೋರೆಲ್ಲಾ ಸೇರ್ತಾ ಇದೀವಿ. ನೀವು ಎರಡ್ ಮಾತಾಡ್ಬೇಕು,” ಎಂದರು.

“ನಾನು ಆಡೋ ಎರಡ್ ಮಾತು ನಿಮಗೆ ಬೇಡ ಬಿಡಿ,” ಎಂದೆ.

ಭಾನುವಾರ ನಾನು ಹೋಗಲಿಲ್ಲ. ಹೋದವರೆಲ್ಲ ಅವರನ್ನು ಹೊಗಳಿ ಅಟ್ಟಕ್ಕೇರಿಸಿದರಂತೆ. ಇರಲಿ, ಹೊಗಳುವವರಿಗೆ ಏನು, ಬಾಯಿ ಇದೆ. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಮರ್ಯಾದೆಗೆ ಅಂದುಕೊಳ್ಳಬೇಡಿ. ಆ ಹೆಸರು ನನ್ನ ಕೈಯಿಂದ ಬರುವುದು ನನಗೆ ಇಷ್ಟವಿಲ್ಲ, ಅಷ್ಟೇ.

ಕಡೂರಿನಲ್ಲಿ ಮೇಸ್ತ್ರಿ ಎಂದರೆ ಆಗ ಅವರೊಬ್ಬರೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎತ್ತರದ ಆಳು, ಹಣೆಗೆ ಮೂರು ಪಟ್ಟೆ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಮೋಟರು ಹೊತ್ತು ತಂದ ರೈತರನ್ನು ಕೂರಿ ಎಂದವರಲ್ಲ. ಸಿಂಗಟಗೆರೆಯಿಂದಲೋ ಮತ್ತೆಲ್ಲಿಂದಲೋ ಗಾಡಿ ಕಟ್ಟಿಕೊಂಡು ಬಂದವರು ಬಿಸಿಲಲ್ಲಿ ನಿಂತಿರುತ್ತಿದ್ದರು. ಇವರು ಮೋಟರಿನ ಮೈಮೇಲೆ ಅಂಗೈ ತಿರುಗಿಸಿಟ್ಟು, ಬಗ್ಗಿ ಒಮ್ಮೆ ಮೂಸಿ, “ಮೂರ್ ಫೇಸ್ ಮೋಟ್ರನ್ನ ಎರಡ್ ಫೇಸ್ ಕರೆಂಟಲ್ಲಿ ಓಡ್ಸಿದೀಯ. ನಿಂಗೆ ಮೋಟ್ರು ಕೊಟ್ಟೋರು ಯಾರಯ್ಯಾ, ಎಮ್ಮೆ ಕೊಡ್ಬೇಕಿತ್ತು,” ಎನ್ನುವರು. ಊರಿಗೆ ಊರೇ ನಗುವುದು, ಬೈಸಿಕೊಂಡವನೂ ನಗುವನು. ಯಾಕೆಂದರೆ ಅವರು ಮೂಸಿ ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಕೆಲಸಗಾರ ಹೌದು. ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು.

ಎಪ್ಪತ್ತರ ದಶಕದ ನಡುವೆ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಗಂಡ ಕಡೂರಿನ ಅಕ್ಕಿ ಗಿರಣಿಯೊಂದರಲ್ಲಿ ಡ್ರೈವರ್. ನಾನು ಅಜ್ಜಂಪುರದ ಮಗಳು, ಹತ್ತನೆಯ ತರಗತಿ ಪಾಸು. ಮನೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದೆವು. ಮೇಸ್ತ್ರಿಗೆ ಮೋಟರಿನೊಳಗಿನ ತಂತಿಯ ಸುರುಳಿ, ಕಾಯಿಲ್, ಸುತ್ತಲು ಎಣಿಕೆ ತಪ್ಪದ ಕೈ ಬೇಕಿತ್ತು. ಒಂದು ಕಾಯಿಲಿಗೆ ಇಷ್ಟು ಸುತ್ತು ಎಂದರೆ ಇಷ್ಟೇ. ಮಾತಾಡುತ್ತಾ ಕೂತರೆ ಎಣಿಕೆ ಹೋಯಿತು, ತಂತಿಯೂ ಹೋಯಿತು. ಮೊಳ ಹಾಕಿ ಹೂ ಕಟ್ಟಿದ ನನಗೆ ಅದೇನು ಕಷ್ಟದ್ದಲ್ಲ.

ನಾಲ್ಕು ವರ್ಷ ಅಲ್ಲಿ ಕೂತು ದುಡಿದೆ. ನಾಲ್ಕು ವರ್ಷದಲ್ಲಿ ಆ ಮನುಷ್ಯ ನನ್ನ ಮುಖ ನೋಡಿ ಒಂದು ಮಾತಾಡಲಿಲ್ಲ. ಏನು ಹೇಳುವುದಿದ್ದರೂ ಮೇಲೆ ತಿರುಗುತ್ತಿದ್ದ ಫ್ಯಾನಿಗೆ ಹೇಳುವರು. “ಆಯಮ್ಮಂಗೆ ಹೇಳು, ಇವತ್ತು ಆರು ಕಾಯಿಲ್ ಆಗ್ಬೇಕು.” “ಆಯಮ್ಮಂಗೆ ಹೇಳು, ವಾರ್ನಿಷ್ ಡಬ್ಬಕ್ಕೆ ಮುಚ್ಚಳ ಅಂತ ಒಂದೈತೆ.” ಫ್ಯಾನು ನನಗೆ ಹೇಳುವುದೇ? ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲಾಮೇಲೆ ಮೈ ಉರಿಯತೊಡಗಿತು. ಕರೆಂಟು ಹೋದಾಗ ಮಾತ್ರ ಸುಮ್ಮನಿರುತ್ತಿದ್ದರು, ನಿಂತ ಫ್ಯಾನಿಗೆ ಏನು ಹೇಳುವುದೆಂದೋ ಏನೋ.

ಕಾಯಿಲುಗಳನ್ನು ನಾನು ದಾರದಲ್ಲಿ ಬಿಗಿಯುವಾಗ ನನ್ನ ಕೈ ತನ್ನಷ್ಟಕ್ಕೆ ಹೂವಿನ ಗಂಟು ಹಾಕುತ್ತಿತ್ತು. ಬಾಳೆನಾರನ್ನು ಬೆರಳಿಗೆ ಸುತ್ತಿ, ತಿರುವಿ, ಎರಡು ಜೊತೆ ಹೂವನ್ನು ಒಟ್ಟಿಗೆ ಎಳೆದು ಬಿಗಿಯುತ್ತೇವಲ್ಲ, ಅದೇ ಗಂಟು. ಒಮ್ಮೆ ಬಿದ್ದರೆ ಬಿಚ್ಚುವುದಿಲ್ಲ. ಮೇಸ್ತ್ರಿ ಅದನ್ನು ನೋಡಿ ಫ್ಯಾನಿಗೆ ಹೇಳಿದರು: “ಇದೇನ್ ಮೋಟ್ರೋ, ಮುಡಿಯೋ ದಿಂಡೋ?” ನಿಂತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಗಂಟು ಬದಲಾಯಿಸಲಿಲ್ಲ.

ಅವರು ಹೆಸರು ಮಾಡಿದ್ದು ಜಾಯಿಂಟಿನಿಂದ. ಆ ಕಾಲದಲ್ಲಿ ತಾಮ್ರದ ತಂತಿ ಸಿಗುವುದು ಕಷ್ಟವಾಗಿ, ಅಲ್ಯೂಮಿನಿಯಂ ತಂತಿ ಸುತ್ತಿದ ಮೋಟರುಗಳು ಬರತೊಡಗಿದ್ದವು. ಒಳಗಿನ ತಂತಿ ಅಲ್ಯೂಮಿನಿಯಂ, ಕರೆಂಟಿಗೆ ಕೊಡಲು ಹೊರಗೆ ಬರುವ ತಂತಿ, ಲೀಡು, ತಾಮ್ರದ್ದು. ಇವೆರಡೂ ಒಂದಕ್ಕೊಂದು ಆಗದ ದಾಯಾದಿಗಳು. ಸುಮ್ಮನೆ ಹೆಣೆದುಬಿಟ್ಟರೆ ಕೆಲವು ದಿನ ಓಡುತ್ತದೆ, ಆಮೇಲೆ ಬಿಳಿ ಪುಡಿ ಕಟ್ಟಿ, ಕಾದು, ಸುಟ್ಟು ಕರಕಲಾಗುತ್ತದೆ. ಸುತ್ತಮುತ್ತ ಎಲ್ಲರ ಜಾಯಿಂಟೂ ಸುಡುತ್ತಿತ್ತು, ಮೇಸ್ತ್ರಿಯದು ಮಾತ್ರ ಸುಡುತ್ತಿರಲಿಲ್ಲ. “ಎರಡೂ ಜಗಳಗಂಟವು. ಮಧ್ಯ ಒಬ್ಬ ಬೇಕು, ಇಬ್ಬರಿಗೂ ಆಗಿಬರೋನು,” ಎಂದು ಫ್ಯಾನಿಗೆ ಹೇಳುತ್ತಿದ್ದರು. ಆ ಮಧ್ಯದವನು ಯಾರು ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಕಡೂರಿನ ಜನ ಖಾಲಿಯಾದ ಟಾರ್ಚ್ ಸೆಲ್ಲುಗಳನ್ನು ಅವರಿಗೆ ತಂದು ಕೊಡುತ್ತಿದ್ದರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಕಸ ಗುಡಿಸುವವಳು ನಾನೇ ಆದ್ದರಿಂದ ನನಗೆ ಗೊತ್ತಾಯಿತು: ಸೆಲ್ಲಿನ ಹೊರಗಿನ ಸತುವಿನ ಕವಚ ಸುಲಿದು, ಪಾತ್ರೆಗೆ ಕಲಾಯಿ ಹಾಕುವ ತವರದ ಜೊತೆ ಕರಗಿಸಿ, ಕಡ್ಡಿ ಎರೆದಿಡುತ್ತಿದ್ದರು. ಆ ಕಡ್ಡಿಯೇ ಮಧ್ಯದವನು.

ಆದರೆ ಕಡ್ಡಿ ಇದ್ದರೆ ಆಯಿತೇ? ಜಾಯಿಂಟು ಮಾಡುವಾಗ ಮೇಸ್ತ್ರಿ ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಆ ಅಗಲ ಬೆನ್ನಿನಾಚೆ ಏನೂ ಕಾಣುತ್ತಿರಲಿಲ್ಲ. ಕಣ್ಣಿಗೆ ಮರೆಮಾಡಿದರು, ಕಿವಿಯೊಂದನ್ನು ಮರೆತರು. ಬ್ಲೋಲ್ಯಾಂಪಿನ ಬುಸುಬುಸು ನಿಂತ ಮೇಲೆ ಕರಕರ, ಕರಕರ ಎಂದು ಕೆರೆಯುವ ಸದ್ದು ಕೇಳಿಸುತ್ತಿತ್ತು. ಒಂದೇ ಸಮ, ಮಗ್ಗದ ಹಾಗೆ. ನಾನು ಕಾಯಿಲ್ ಸುತ್ತುತ್ತಾ ಅದನ್ನೂ ಎಣಿಸುತ್ತಿದ್ದೆ. ಮೂವತ್ತು ಸಲ, ಕೆಲವೊಮ್ಮೆ ಮೂವತ್ತೈದು. ಕರಗಿದ ಕಡ್ಡಿಯ ಲೋಹ ತಂತಿಯ ಮೇಲೆ ನಿಂತಿರುವಾಗಲೇ, ಅದರ ಒಳಗಿಂದಲೇ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಅಲ್ಯೂಮಿನಿಯಂ ಅನ್ನು ಕೆರೆಯುತ್ತಿದ್ದರು. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಒಂದು ತೆಳ್ಳನೆ ಪೊರೆ ಬೆಳೆಯುತ್ತದೆ. ಗಾಳಿ ತಾಗದಂತೆ ಒಳಗೇ ಪೊರೆ ಕಿತ್ತರೆ ಕಡ್ಡಿಯ ಲೋಹ ಹಿಡಿಯುತ್ತದೆ. ಆಮೇಲೆ ಕಲಾಯಿ ಹಾಕಿದ ತಾಮ್ರವನ್ನು ಅದಕ್ಕೆ ಕೂಡಿಸಬೇಕು. ಇದೆಲ್ಲ ನನಗೆ ಒಂದೇ ದಿನ ತಿಳಿಯಲಿಲ್ಲ. ಕಡ್ಡಿಯ ಒಂದು ತುಂಡನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ತಂದೆ. ಕದ್ದೆ ಅನ್ನಿ, ಬೇಕಾದರೆ. ಸೀಮೆಣ್ಣೆ ಸ್ಟವ್ವಿನ ಮುಂದೆ ಕೂತು ಬೆರಳು ಸುಟ್ಟುಕೊಂಡು, ಕಿವಿಯಲ್ಲಿದ್ದ ಸದ್ದು ನನ್ನ ಕೈಯಲ್ಲೂ ಬರುವ ತನಕ ಕೆರೆದೆ.

ನಾಲ್ಕನೆಯ ವರ್ಷ ಆ ಸದ್ದು ಕೆಟ್ಟಿತು. ಕರಕರ ಎನ್ನುವುದು ಕರ್, ಕರಕ್, ಕರ್ ಆಗತೊಡಗಿತು. ನಡುವೆ ನಿಲ್ಲುವುದು, ಮತ್ತೆ ಶುರುವಾಗುವುದು. ನನ್ನ ಕಿವಿಯೇ ಸರಿಯಿಲ್ಲವೇನೋ ಎಂದುಕೊಂಡೆ. ಅಷ್ಟು ದೊಡ್ಡ ಮೇಸ್ತ್ರಿಯನ್ನು ಅನುಮಾನಿಸುವ ಧೈರ್ಯ ನನಗೆಲ್ಲಿತ್ತು!

ಒಂದು ದಿನ ಸಿಂಗಟಗೆರೆಯ ಗೌಡರೊಬ್ಬರ ಮೋಟರು. ಕೆರೆಯ ನೀರು ತಳ ಕಂಡಿತ್ತು, ತೆಂಗಿನ ಸಸಿಗಳಿಗೆ ಬಾವಿಯ ನೀರೇ ಗತಿ. ಗೌಡರು ಬೆಳಗ್ಗೆಯಿಂದ ಬಾಗಿಲಲ್ಲೇ ಕಾದಿದ್ದರು. ಮೇಸ್ತ್ರಿಗೆ ಮಗಳ ಊರಿಗೆ ಹೋಗುವ ಬಸ್ಸು ಹಿಡಿಯಬೇಕಿತ್ತು. ಮೂರು ಲೀಡಿನಲ್ಲಿ ಎರಡಕ್ಕೆ ಜಾಯಿಂಟು ಮಾಡಿ, “ಇನ್ನೊಂದು ನಾಳೆ,” ಎಂದು ಫ್ಯಾನಿಗೆ ಹೇಳಿ ಎದ್ದು ಹೋದರು. ಆ ಎರಡರ ಸದ್ದೂ ಕೆಟ್ಟದಾಗಿತ್ತು.

ಗೌಡರು ನನ್ನ ಕಡೆ ತಿರುಗಿದರು. “ಏನವ್ವಾ, ಸಸಿ ಒಣಗ್ತಾವೆ. ನಿಂಗೆ ಬರಲ್ವಾ?”

ಬರುವುದಿಲ್ಲ ಎನ್ನಬಹುದಿತ್ತು. ಬಾಯಿಂದ ಬಂದದ್ದು “ಬತ್ತದೆ” ಎಂದು. ಮೂರನೆಯದನ್ನು ನಾನು ಮಾಡಿದೆ. ಮೂವತ್ತೈದು ಸಲ ಕೆರೆದೆ. ಜಾಯಿಂಟಿನ ಮೇಲೆ ಬಟ್ಟೆ ಕೊಳವೆಯಂಥ ಸ್ಲೀವು ಏರಿಸಿ, ದಾರ ಸುತ್ತಿ, ನನ್ನ ಗಂಟು ಹಾಕಿ ವಾರ್ನಿಷ್ ಬಳಿದು, ಬಲ್ಬಿನ ಕಾವಿನಲ್ಲಿ ಒಣಗಿಸಿ ಸಂಜೆಗೆ ಮೋಟರು ಕೊಟ್ಟು ಕಳಿಸಿದೆ. ಮಾರನೆಯ ದಿನ ಮೇಸ್ತ್ರಿ ಬಂದು ಖಾಲಿ ಜಾಗ ನೋಡಿದರು. ಏನೂ ಅನ್ನಲಿಲ್ಲ, ಫ್ಯಾನಿಗೂ.

ಇಪ್ಪತ್ತು ದಿನಕ್ಕೆ ಆ ಮೋಟರು ಸುಟ್ಟಿತು. ಮೇಸ್ತ್ರಿ ತಾವೇ ಸಿಂಗಟಗೆರೆಗೆ ಹೋಗಿ ಬಿಚ್ಚಿ, ಸುಟ್ಟ ಜಾಯಿಂಟನ್ನು ಕತ್ತರಿಸಿ ತಂದರು. ದಾರ, ಸ್ಲೀವು ಎಲ್ಲ ಬೂದಿಯಾಗಿ, ಕಪ್ಪನೆಯ ತಂತಿಯ ಗೊಂಡೆಯೊಂದು ಉಳಿದಿತ್ತು. ಗೌಡರಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮೋಟರನ್ನು ಮತ್ತೆ ರಿಪೇರಿಗೆ ಕೊಡಲಿಲ್ಲ, ಪಂಪಿನ ಮನೆಯ ಮೂಲೆಗೆ ಎಸೆದು ಹೊಸದನ್ನು ತಂದರು.

ಅಂಗಡಿಯಲ್ಲಿ ಹತ್ತು ಜನ ಇದ್ದರು. ಮೇಸ್ತ್ರಿ ಸ್ಟೂಲು ಹತ್ತಿ, ಬಾಗಿಲ ಎದುರಿನ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಗೆ, ಕ್ಯಾಲೆಂಡರಿನ ದಾರದ ಮೇಲೆ, ಆ ಕಪ್ಪು ಗೊಂಡೆಯನ್ನು ಸಿಕ್ಕಿಸಿದರು. “ನೋಡ್ಕಳ್ರಪ್ಪಾ. ಹೆಂಗಸಿನ ಜಾಯಿಂಟು. ನಾನ್ ಊರಲ್ಲಿಲ್ಲದಾಗ ಮಾಡಿದ್ದು.” ಆಮೇಲೆ ಫ್ಯಾನಿನ ಕಡೆ ತಿರುಗಿ, “ಆಯಮ್ಮಂಗೆ ನಾಳೆಯಿಂದ ಬರೋದು ಬೇಡ ಅಂತ ಹೇಳು,” ಎಂದರು.

ಅವತ್ತು ನಾನೂ ನಂಬಿದೆ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು. ನನ್ನದೇ ಕೈ ಕೆಟ್ಟಿತು, ಗೌಡರ ಸಸಿ ನನ್ನಿಂದ ಒಣಗಿದವು ಎಂದು ಮನೆಗೆ ಬಂದು ಅತ್ತೆ. ನನ್ನ ಗಂಡ ಒಳ್ಳೆಯ ಮನುಷ್ಯ, “ಹೋಗ್ಲಿ ಬಿಡೇ, ಹೂ ಕಟ್ಟು,” ಎಂದರು. ಆ ಸಮಾಧಾನ ಇನ್ನೂ ಕಷ್ಟವಾಗಿತ್ತು.

ನನ್ನ ಗಂಡನಿಗೆ ತರೀಕೆರೆಯಲ್ಲಿ ಲಾರಿ ಕೆಲಸ ಸಿಕ್ಕಿತು, ಬಂದೆವು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಗೂಡು ಬಾಡಿಗೆಗೆ ಹಿಡಿದು ರಿವೈಂಡಿಂಗ್ ಬೋರ್ಡು ಹಾಕಿದೆ. ಹಟ ಅನ್ನಿ. ಮೋಟರು ಹೊತ್ತು ತಂದವರು ನನ್ನನ್ನು ನೋಡಿ, “ಕಡೂರಲ್ಲಿ ಮೊಳೇಲಿ ನೇತಾಕವ್ರಲ್ಲ, ಆ ಅಮ್ಮ ನೀವೇನಾ?” ಎಂದು ಕೇಳಿ, ಹೊತ್ತು ತಂದ ಹಾಗೇ ಹೊತ್ತುಕೊಂಡು ಹೋಗುತ್ತಿದ್ದರು. ಎರಡು ವರ್ಷ ಬರೀ ಟೇಬಲ್ ಫ್ಯಾನು ಸುತ್ತಿದೆ. ಆ ಮೊಳೆ ಕಡೂರಿನ ಗೋಡೆಯಲ್ಲಿತ್ತು, ಚುಚ್ಚಿದ್ದು ತರೀಕೆರೆಯಲ್ಲಿ. ಆ ಕಪ್ಪು ಗೊಂಡೆ ಅಲ್ಲಿಂದ ಕೆಳಗಿಳಿಯಬೇಕು ಎಂಬುದೊಂದೇ ನನಗಿದ್ದ ಆಸೆ.

ಆರೇಳು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಎತ್ತಿನ ಗಾಡಿಯಲ್ಲಿ ತುಕ್ಕು ಹಿಡಿದ ಮೋಟರೊಂದು ಬಂತು. ಗಾಡಿಯ ಹಿಂದೆ ಸಿಂಗಟಗೆರೆಯ ಅದೇ ಗೌಡರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಹೊಸ ಮೋಟರು ಕೆಟ್ಟಿತ್ತಂತೆ, ಹಳೆಯದಕ್ಕೆ ಜೀವ ಬರುತ್ತದೇನೋ ನೋಡೋಣ ಎಂದು ತಂದಿದ್ದರು. ಕಡೂರಿನ ಆ ಅಂಗಡಿ ಮೆಟ್ಟಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದರಂತೆ. ನನ್ನನ್ನು ನೋಡಿ ಅವರ ಮುಖ ಸಣ್ಣಗಾಯಿತು.

“ನಿಂದಾ ಅಂಗಡಿ?” ಎಂದರು. ಹೋಗಿಬಿಡುತ್ತಾರೆ ಎಂದುಕೊಂಡೆ. ಗಾಡಿಯ ಬಾಡಿಗೆ ನೆನಪಾಯಿತೋ ಏನೋ, “ಬಿಚ್ಚಾದ್ರೂ ನೋಡು,” ಎಂದರು.

ಬಿಚ್ಚಿದೆ. ಮೂರರಲ್ಲಿ ಸುಟ್ಟದ್ದನ್ನು ಮೇಸ್ತ್ರಿ ಕತ್ತರಿಸಿಕೊಂಡು ಹೋಗಿದ್ದರು. ಇನ್ನೆರಡು ಒಳಗೇ ಇದ್ದವು. ಒಂದರ ಮೇಲೆ ಮೇಸ್ತ್ರಿಯ ಸಾದಾ ಗಂಟು, ಬಾಯಲ್ಲಿ ಬಿಳಿ ಪುಡಿ ಕಟ್ಟಿ, ಮುಟ್ಟಿದರೆ ಉದುರುವ ಹಾಗಿತ್ತು. ಇನ್ನೊಂದು ವಾರ್ನಿಷ್ ಕುಡಿದು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲಿದ್ದದ್ದು ಹೂವಿನ ಗಂಟು.

ಗೌಡರನ್ನು ಹತ್ತಿರ ಕರೆದೆ. “ಗೌಡ್ರೇ, ನೀವ್ ಅವತ್ತು ಅಲ್ಲೇ ಕೂತಿದ್ರಲ್ಲ. ನಾನು ಎಷ್ಟು ಜಾಯಿಂಟ್ ಮಾಡಿದ್ದು?”

“ಒಂದೇ ಕಣವ್ವಾ. ಇನ್ನೆರಡು ಮೇಸ್ತ್ರಿ ಮಾಡಿ ಬಸ್ ಹಿಡಿಯಕ್ಕೆ ಓಡಿದ್ರು.”

“ನಂದು ಇಲ್ಲೈತೆ ನೋಡಿ.”

ಗೌಡರು ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. “ಅಯ್ಯೋ ಶಿವನೇ, ಬಿಚ್ಚಿದೋರು ಅವ್ರೇ ಅಲ್ವಾ? ಇದ್ನ ನೋಡ್ಲಿಲ್ವಾ?” ಎಂದರು. ನೋಡದೆ ಇರಲು ಅವರೇನು ಕುರುಡರೇ? ಆ ಗಂಟನ್ನು ಆಡಿಕೊಂಡು ನಕ್ಕವರೇ ಅವರು. ಆ ಜಾಯಿಂಟನ್ನು ಕತ್ತರಿಸಿ ತೆಗೆದು ಬ್ಯಾಗಿನಲ್ಲಿಟ್ಟುಕೊಂಡೆ.

ಆ ವರ್ಷವೇ ಕಡೂರಿನ ಒಂದು ಲಾಡ್ಜಿನ ಹಾಲ್‌ನಲ್ಲಿ ಸುತ್ತಲಿನ ರಿವೈಂಡಿಂಗ್‌ನವರನ್ನೆಲ್ಲ ಸೇರಿಸಿ, ಕಂಪನಿಯವರೊಬ್ಬರು ಬೆಂಗಳೂರಿನಿಂದ ಹೊಸ ಯಂತ್ರ ತಂದು ತೋರಿಸಿದರು. ಅಲ್ಟ್ರಾಸೋನಿಕ್ ಎಂದರು. ಮನುಷ್ಯರ ಕಿವಿಗೆ ಕೇಳಿಸದ ಸದ್ದಂತೆ, ಅದರ ನಡುಕಕ್ಕೆ ಅಲ್ಯೂಮಿನಿಯಂ ಮೇಲಿನ ಪೊರೆ ಕಿತ್ತುಬರುತ್ತದಂತೆ, ನಡುವೆ ಎರಡಕ್ಕೂ ಹೊಂದುವ ಲೋಹದ ಪದರ ಕೊಟ್ಟರೆ ತಾಮ್ರದ ಜೊತೆ ಕೂಡುತ್ತದಂತೆ. ನನಗೆ ನಗು ಬಂತು. ಮೇಸ್ತ್ರಿ ಹತ್ತಿರ ಈ ಯಂತ್ರ ಇದ್ದಿದ್ದರೆ ನಾನು ಏನನ್ನೂ ಕಲಿಯುತ್ತಿರಲಿಲ್ಲ.

ಮೇಸ್ತ್ರಿ ಮುಂದಿನ ಸಾಲಿನಲ್ಲಿದ್ದರು. ಎದ್ದು ನಿಂತು, “ಇದಕ್ಕೆ ಮಷೀನ್ ಯಾಕ್ರೀ? ನಾನ್ ಕೈಯಲ್ಲೇ ಮಾಡ್ತಾ ಬಂದಿದೀನಿ,” ಎಂದರು. ಕಂಪನಿಯವರು ಮರ್ಯಾದೆಯಿಂದಲೇ, “ತೋರಿಸಿ ಸಾರ್, ನಾವೂ ಕಲೀತೀವಿ,” ಎಂದು ತಂತಿ, ಬ್ಲೋಲ್ಯಾಂಪು ಕೊಟ್ಟರು. ಮೇಸ್ತ್ರಿ ಜೇಬಿನಿಂದ ಕಡ್ಡಿ ತೆಗೆದು, ಅಭ್ಯಾಸಬಲದಿಂದ ನಮಗೆ ಬೆನ್ನು ಹಾಕಿದರು. ಕರ್, ಕರಕ್, ಕರ್. ಕಾದ ಲೋಹ ಮೇಜಿನ ಮೇಲೆ ತೊಟ್ಟಿಕ್ಕಿತು. ಬ್ಲೇಡು ಕೆಳಗೆ ಬಿತ್ತು. ಬಲಗೈ ತರತರ ನಡುಗುತ್ತಿರುವುದು ಬೆನ್ನಿನ ಹಿಂದಿದ್ದ ನಮಗೂ ಕಾಣುತ್ತಿತ್ತು.

ತಿರುಗದೆ, ಎದುರಿನ ಗೋಡೆಗೆ ಹೇಳಿದರು: “ತರೀಕೆರೆ ಆಯಮ್ಮ ಹಿಂದೆ ಕೂತೈತಲ್ಲ, ಅದು ಮಾಡ್ತದೆ. ನಾನೇ ಕಲ್ಸಿದ್ದು.”

ಎದ್ದು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ, ಯಾಕೆಂದರೆ ಅಲ್ಲಿದ್ದ ಪ್ರತಿಯೊಬ್ಬನೂ ಆ ಮೊಳೆಯನ್ನು ನೋಡಿದವನು. ಎಲ್ಲರಿಗೂ ಮುಖ ಮಾಡಿ ಕೂತು ಮಾಡಿದೆ. ಮೂವತ್ತೈದು. ಕಂಪನಿಯವರು ಎರಡೂ ಕಡೆ ಇಕ್ಕಳ ಹಾಕಿ ಎಳೆದರು. ಅಲ್ಯೂಮಿನಿಯಂ ತಂತಿ ತುಂಡಾಯಿತು, ಜಾಯಿಂಟು ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಯಾರಿಗೆ? “ಗುರು ಅಂದ್ರೆ ಹಿಂಗಿರ್ಬೇಕು ನೋಡಿ,” ಎಂದು ಎಲ್ಲರೂ ಮೇಸ್ತ್ರಿಯ ಕೈ ಕುಲುಕಿದರು.

ಲಾಡ್ಜಿನ ಮೆಟ್ಟಿಲ ಮೇಲೆ ಅವರನ್ನು ತಡೆದೆ. ಬ್ಯಾಗಿನಿಂದ ಹಳೆಯ ಜಾಯಿಂಟು ತೆಗೆದು ಅವರ ಅಂಗೈಯಲ್ಲಿಟ್ಟೆ. ಅಲ್ಲಿ ಫ್ಯಾನಿರಲಿಲ್ಲ. ಮೊದಲ ಸಲ ನನ್ನ ಮುಖ ನೋಡಿದರು.

“ಅವತ್ತೇ ನೋಡ್ದೆ,” ಎಂದರು. “ನನ್ ಕೈ ನಡುಗೋದು ಊರಿಗ್ ಗೊತ್ತಾಗಿದ್ರೆ ನನ್ ಗತಿ ಏನಾಗೋದು, ಹೇಳಮ್ಮಾ?”

“ನನ್ ಗತಿ ಏನಾಯ್ತು ಅಂತ ಕೇಳಿದ್ರಾ?”

ಅಂಗೈಯಲ್ಲಿದ್ದ ಜಾಯಿಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೈ ನಡುಗುವುದು ಯಾರ ತಪ್ಪೂ ಅಲ್ಲ, ಅದಕ್ಕೆ ಅಯ್ಯೋ ಎನ್ನುವಷ್ಟು ಮನಸ್ಸು ನನಗೂ ಇದೆ. ಹಣೆಬರಹ ಅವರದು ಎಂದುಕೊಂಡು ಒಂದೇ ಮಾತು ಕೇಳಿದೆ. “ನಾಲ್ಕು ಜನರ ಮುಂದೆ ಏನೂ ಹೇಳ್ಬೇಡಿ ಮೇಸ್ತ್ರೀ. ಆ ಮೊಳೆಯಿಂದ ಅದನ್ನ ತೆಗೀರಿ, ಸಾಕು.”

“ಆಯ್ತು, ತೆಗೀತೀನಿ,” ಎಂದರು. ಜಾಯಿಂಟನ್ನು ನನಗೆ ಹಿಂದಿರುಗಿಸಿ ಮೆಟ್ಟಿಲಿಳಿದು ಹೋದರು. ನಾನು ನಂಬಿದೆ. ಮತ್ತೆ ಕಡೂರಿನ ಆ ಬೀದಿಗೆ ಕಾಲಿಡಲಿಲ್ಲ, ನೋಡಲೂ ಹೋಗಲಿಲ್ಲ. ಅದಾಗಿ ಮೂರು ವರ್ಷ.

ಈಗ, ತಿಥಿಯೆಲ್ಲ ಮುಗಿದ ಮೇಲೆ, ಅವರ ಹೆಂಡತಿಯನ್ನು ಮಾತಾಡಿಸಿ ಬರಲು ಹೋದೆ. ನನಗೆ ನಾಲ್ಕು ವರ್ಷ ಮಧ್ಯಾಹ್ನ ಮಜ್ಜಿಗೆ ಕೊಟ್ಟ ತಾಯಿ ಅವರು. ಅಂಗಡಿಯ ಕೋಣೆ ದಾಟಿಯೇ ಒಳಗೆ ಹೋಗಬೇಕು. ಎದುರಿನ ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರ್ ಇತ್ತು. ಅದರ ದಾರದ ಮೇಲೆ ಅದೇ ಮೊಳೆಯಲ್ಲಿ ಆ ಕಪ್ಪು ಗೊಂಡೆ ಇತ್ತು.

ನಾನು ನಿಂತದ್ದನ್ನು ನೋಡಿ ಮೇಸ್ತ್ರಿಯ ಹೆಂಡತಿ ಹತ್ತಿರ ಬಂದರು. “ಅದೇನೋ ಸುಟ್ಟ ತಂತಿ ಕಣಮ್ಮಾ. ಪ್ರತಿ ವರ್ಷ ಕ್ಯಾಲೆಂಡರ್ ಬದಲಾಯ್ಸುವಾಗ ಸ್ಟೂಲ್ ಹತ್ತಿ ಅದನ್ನ ತೆಗ್ದು ನನ್ ಕೈಗೆ ಕೊಡೋರು. ಹೊಸಾದು ನೇತಾಕಿ, ಮತ್ತೆ ಇಸ್ಕೊಂಡು ಸಿಕ್ಕಿಸೋರು. ಬಿಸಾಕ್ರೀ ಅಂದ್ರೆ ಕೇಳ್ತಿರ್ಲಿಲ್ಲ. ಈ ಸಲ ಕೈ ನಡುಕ ವಿಪರೀತ ಆಗಿತ್ತಲ್ಲ, ಕೆಳಗೆ ನಿಂತ್ಕೊಂಡು ನನ್ನ ಕೈಲೇ ಹಾಕ್ಸಿದ್ರು.”

ಮೂರು ವರ್ಷ, ಮೂರು ಕ್ಯಾಲೆಂಡರ್. ಮೂರು ಸಲ ಅದು ಮೊಳೆಯಿಂದ ಕೆಳಗಿಳಿದಿತ್ತು.

“ಇದನ್ನ ನಾನ್ ತಗೊಂಡ್ ಹೋಗ್ಲಾ ಅಮ್ಮಾ?” ಎಂದು ಕೇಳಿದೆ.

“ತಗೊಂಡ್ ಹೋಗು ತಾಯಿ, ಅವರ ನೆನಪಿಗೆ ಇರ್ಲಿ,” ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸ್ಟೂಲು ಅಲ್ಲೇ ಇತ್ತು. ಹತ್ತಿ, ತೆಗೆದುಕೊಂಡೆ.